ಎರಡು ಬೆರಳು ಕಡಿಮೆ

ಫಕೀರವ್ವನ ಮಗ್ಗದ ಮುಂದೆ ಮೊಣಕಾಲೂರಿ, ಜಮಖಾನದ ಮೇಲೆ ಅಂಟಿದ್ದ ಎಳೆಚೂರುಗಳನ್ನು ಅಂಗೈಯಿಂದ ಸವರಿ ತೆಗೆಯುತ್ತಿದ್ದೆ. ಚೂರು ಉಳಿದರೆ ಅಳತೆಯ ಕೋಲು ಸರಿಯಾಗಿ ಕೂರುವುದಿಲ್ಲ. ಬೆಳಗಿನಿಂದ ಅದು ಒಂಬತ್ತನೆಯ ಮಗ್ಗ. ಸೊಂಟ ಹಿಡಿದುಕೊಂಡಿತ್ತು, ಹತ್ತಿಯ ಧೂಳು ಮೂಗಿನಲ್ಲಿ ತುಂಬಿಕೊಂಡಿತ್ತು. ಹಿಂದಿನ ಸಲ ನಾನೇ ಎಳೆದಿದ್ದ ಸುಣ್ಣದ ಗೀಟಿಗೆ ಕೋಲಿನ ಒಂದು ತುದಿ ಹಚ್ಚಿ ಇನ್ನೊಂದು ತುದಿ ನೋಡಿದೆ. ನೇಯ್ಗೆಯ ಅಂಚು ಕೋಲಿನ ತುದಿಗೆ ಸರಿಯಾಗಿ ಬಂದಿತ್ತು. ಹೊಸ ಗೀಟು ಎಳೆದೆ. ಕಂಬಕ್ಕೆ ಕೋಲು ಒಮ್ಮೆ ಬಡಿದು, "ಐವತ್ತೆಂಟು" ಎಂದು ಕೂಗಿದೆ. ಬಾಗಿಲಲ್ಲಿ ಕುಳಿತಿದ್ದ ಜೈಲು ಕಾವಲಿನ ಹೆಂಗಸು ಬರೆದುಕೊಂಡಳು.

ಫಕೀರವ್ವ ಮಗ್ಗದ ಆಚೆ ಬದಿಯಿಂದ, ಇನ್ನೆರಡು ಅಲ್ಲೇನ್ರಿ ಎಂದು ಕೇಳಿದಳು. ಅವಳಿಗೇ ಗೊತ್ತಿದ್ದ ಸಂಗತಿ. ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ಹೌದು, ಎರಡು ಗಜ ಎಂದೆ. ಏಳಬೇಕೆಂದು ಕೈಯೂರಿದಾಗ ಅಂಚಿನ ನವಿಲಿನ ಮೇಲೆ ಕಣ್ಣು ಬಿತ್ತು. ಕುತ್ತಿಗೆಗೆ ಹಸಿರು ಬರಬೇಕಾದಲ್ಲಿ ಕಪ್ಪು ಬಂದಿತ್ತು. ಹಿಂದಿನ ಗಜದ ನವಿಲು ಹಸಿರಾಗಿಯೇ ಇತ್ತು. ಅದನ್ನು ತೋರಿಸಿ ದನಿ ತಗ್ಗಿಸಿ ಕೇಳಿದೆ. ಅವಳು ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿ ನಕ್ಕಳು.

"ಈ ನವಿಲು ಬಿಸಿಲಾಗ ಭಾಳ ಅಡ್ಡಾಡೈತ್ರಿ ಅಕ್ಕಾರ. ಕರ್ರಗಾಗೈತಿ."

ನಾನೂ ನಕ್ಕೆ. ಆದರೆ ಅವಳು ತಲೆ ಎತ್ತಿದಾಗ ಎರಡೂ ಕಣ್ಣಿನ ಕರಿಗುಡ್ಡೆಯ ಮೇಲೆ ಗಂಜಿಯ ಕೆನೆಯಂಥ ಪೊರೆ ಕಂಡಿತು. ಎಷ್ಟು ದಿನದಿಂದ ಹೀಗೆ ಎಂದು ಕೇಳಲಿಲ್ಲ. ಕೇಳಿದರೆ ಪಕ್ಕದ ಮಗ್ಗದವರಿಗೆ ಕೇಳಿಸುತ್ತದೆ, ಅಲ್ಲಿಂದ ಕಾವಲಿನವಳಿಗೆ.

ಆ ಜೈಲಿನಲ್ಲಿ ಕಣ್ಣು ಹೋಗುವುದೆಂದರೆ ಏನು ಎಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಸೇನಬಿ ಎಂಬವಳಿದ್ದಳು. ನಲವತ್ತು ಗಜದ ಶಿಕ್ಷೆ. ಹನ್ನೊಂದು ಬೆರಳಗಲ ನೇಯುವುದು ಉಳಿದಿರುವಾಗ ಕಣ್ಣು ಪೂರ್ತಿ ಹೋಯಿತು. ನೇಯಲು ಬರದಿದ್ದರೆ ಶಿಕ್ಷೆ ಮುಗಿಯುವುದಿಲ್ಲ, ಬೇರೆಯವರು ನೇಯ್ದುಕೊಡುವಂತಿಲ್ಲ. ಕೊಟ್ಟರೂ ನಡೆಯುವುದಿಲ್ಲ. ಎಳೆಯನ್ನು ಬಡಿದು ಕೂರಿಸುವ ಕೈ ಒಬ್ಬೊಬ್ಬರದು ಒಂದೊಂದು ಥರ, ಅನುಭವವಿದ್ದವರು ಬೆರಳಾಡಿಸಿದರೆ ಹೇಳಿಬಿಡುತ್ತಾರೆ. ಹನ್ನೊಂದು ಬೆರಳು ಎಂದರೆ ಒಂದು ಗೇಣಿಗೂ ಕಡಿಮೆ. ಅಷ್ಟಕ್ಕಾಗಿ ಹುಸೇನಬಿ ಒಳಗಿನ ಅಂಗಳದ ಬೇವಿನ ಮರದ ಕೆಳಗೆ ಒಂಬತ್ತು ವರ್ಷ ಕುಳಿತಿದ್ದಳು. ಹೋದ ವರ್ಷ ಅಲ್ಲೇ ತೀರಿಕೊಂಡಳು. ಅವಳ ಜಮಖಾನ ಇನ್ನೂ ಉಗ್ರಾಣದಲ್ಲಿದೆ. ಶಿಕ್ಷೆ ಮುಗಿಯದ ಜಮಖಾನವನ್ನು ಮಾರುವಂತಿಲ್ಲ.

ಜೈಲಿನ ಕಚೇರಿಯಲ್ಲಿ ಒಬ್ಬ ಹಳೆಯ ಅಧಿಕಾರಿಯ ಚಿತ್ರವಿದೆ. ಕೆಳಗಿದ್ದ ಹೆಸರನ್ನು ಗೆದ್ದಲು ತಿಂದಿದೆ. ಅವರಿಗಿಂತ ಮುಂಚೆ ನಮ್ಮೂರಿನಲ್ಲಿ ಕೈದಿಗಳ ಕಾಲನ್ನು ಮರದ ದಿಮ್ಮಿಯ ತೂತಿಗೆ ಸಿಕ್ಕಿಸಿ ಸಂತೆಯ ನಡುವೆ ಕೂರಿಸುತ್ತಿದ್ದರಂತೆ. ಆಮೇಲೆ ಬೀಸುವ ಕಲ್ಲು ಬಂತು. ದಿನವಿಡೀ ಬೀಸಬೇಕು, ಒಮ್ಮೊಮ್ಮೆ ಕಾಳು ಹಾಕದೆ ಬರೀ ಕಲ್ಲು ತಿರುಗಿಸಬೇಕು. ಚಿತ್ರದಲ್ಲಿರುವ ಪುಣ್ಯಾತ್ಮರು ಬಂದು ಅದೆಲ್ಲ ನಿಲ್ಲಿಸಿದರು. ಒಂದು ವರ್ಷ ಎಂದರೆ ಎಲ್ಲರಿಗೂ ಒಂದೇ ಅಲ್ಲ ಎಂದರಂತೆ. ಹೊಟ್ಟೆ ತುಂಬಿ ನಿದ್ದೆ ಹೋಗುವವನ ವರ್ಷ ಬೇರೆ, ಮನೆಯಲ್ಲಿ ಹಾಲು ಕುಡಿಯುವ ಕೂಸು ಬಿಟ್ಟು ಬಂದವಳ ವರ್ಷ ಬೇರೆ. ಆದ್ದರಿಂದ ವರ್ಷ ಬೇಡ, ಕೆಲಸ ಇರಲಿ, ಮಾಡಿ ಮುಗಿಸಿದವರು ಹೊರಗೆ ಹೋಗಲಿ. ಅಂದಿನಿಂದ ನ್ಯಾಯಾಧೀಶರು ಗಜದಲ್ಲಿ ಶಿಕ್ಷೆ ಹೇಳತೊಡಗಿದರು. ಸಣ್ಣ ಕಳವಿಗೆ ಐದು ಗಜ, ಮನೆಗೆ ಬೆಂಕಿ ಇಟ್ಟರೆ ಮೂವತ್ತು. ಗಜಕ್ಕೆ ನಲವತ್ತೆಂಟು ಬೆರಳು. ಕೈ ಪಳಗಿದವರಿಗೆ ಒಂದು ಗಜ ನೇಯಲು ಒಂದೂವರೆ ತಿಂಗಳು ಬೇಕು.

ಊರು ಅದಕ್ಕೆ ಒಗ್ಗಿಕೊಂಡಿತು. ಯಾರಾದರೂ ಜೈಲಿಗೆ ಹೋದರೆಂದು ತಿಳಿದರೆ ಎಷ್ಟು ಗಜ ಎಂದೇ ಕೇಳುವುದು. ಹಟ ಮಾಡುವ ಮಕ್ಕಳಿಗೆ ತಾಯಂದಿರು ಎರಡು ಗಜ ಕೊಡಿಸುತ್ತೇನೆ ನೋಡು ಎನ್ನುತ್ತಾರೆ. ಮದುವೆ ನಿಶ್ಚಯದ ದಿನ ಹಾಸುವ ಜಮಖಾನ ಯಾವ ತಪ್ಪಿನದು ಎಂದು ಹಿರಿಯರು ಮೊದಲೇ ವಿಚಾರಿಸುತ್ತಾರೆ. ಕಳ್ಳತನದ್ದಾದರೆ ನಡೆಯುತ್ತದೆ, ಸುಳ್ಳು ಸಾಕ್ಷಿಯದು ನಡೆಯುವುದಿಲ್ಲ. ಬಿಡುಗಡೆಯಾದವರು ನೇಯ್ದ ಕೊನೆಯ ಗಜವನ್ನು ಮಾರದೆ ಅವರಿಗೇ ಕೊಡುತ್ತಾರೆ. ಅವರು ಅದನ್ನು ಹೆಗಲ ಮೇಲೆ ಹಾಕಿಕೊಂಡು ಸಂತೆಬೀದಿಯಲ್ಲೇ ನಡೆದು ಮನೆಗೆ ಹೋಗುತ್ತಾರೆ.

ಹೆಣ್ಣುಮಕ್ಕಳ ಕಡೆಯ ಜಮಖಾನ ಅಳೆಯುವವಳು ನಾನು. ಎಲ್ಲರೂ ಗಜದಕ್ಕ ಎನ್ನುತ್ತಾರೆ. ನನಗಿಂತ ಮುಂಚೆ ನನ್ನ ಅತ್ತೆ ಅಳೆಯುತ್ತಿದ್ದರು, ಅವರಿಗಿಂತ ಮುಂಚೆ ಅವರ ಅತ್ತೆ. ನಾನು ಕೋಲು ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಮನೆಯಲ್ಲಿ ನಾನು ಮಾಡಿದ ಅಡುಗೆಗೆ ಹೆಸರಿಲ್ಲ, ನನ್ನ ಮಾತಿಗೆ ತೂಕವಿಲ್ಲ, ಮಕ್ಕಳಾಗಲಿಲ್ಲ ಎಂಬುದೊಂದು ಮಾತು ಇದ್ದೇ ಇದೆ. ಆದರೆ ಅಳತೆಯಲ್ಲಿ ಒಂದು ಎಳೆಯ ತಪ್ಪೂ ಬಂದಿಲ್ಲ ಎಂಬುದು ನನಗೆ ಗೊತ್ತಿತ್ತು. ಸಾಯಂಕಾಲ ಮನೆಗೆ ನಡೆಯುವಾಗ ಅದೊಂದನ್ನು ನೆನೆಸಿಕೊಳ್ಳುತ್ತಿದ್ದೆ. ಬೇರೆಯವರು ಬೇರೆ ಏನನ್ನೋ ನೆನೆಸಿಕೊಳ್ಳುತ್ತಾರೆ, ನನಗೆ ಅದಿತ್ತು.

ಹೊಸ ಅಧಿಕಾರಿ ವಾದಿರಾಜ ಅವರು ಬಂದು ಎಂಟು ತಿಂಗಳಾಗಿತ್ತು. ಬೇರೆ ಸೀಮೆಯವರು, ಮಾತು ಮೆತ್ತಗೆ. ಮಧ್ಯಾಹ್ನ ಡಬ್ಬಿಯಲ್ಲಿ ತಂದ ಮೊಸರನ್ನ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಕೈದಿಗಳನ್ನು ನಂಬರಿನಿಂದ ಕರೆಯುವುದನ್ನು ಬಂದ ವಾರವೇ ನಿಲ್ಲಿಸಿದರು. ಎಲ್ಲರನ್ನೂ ನೀವು ಎನ್ನುತ್ತಿದ್ದರು, ಅದು ಮೊದಮೊದಲು ಹೆಂಗಸರಿಗೆ ನಗು ತರಿಸುತ್ತಿತ್ತು. ನೇಯುವ ಕೋಣೆಗೆ ಎರಡು ಕಿಟಕಿ ಹೊಡೆಸಿದರು. ಮಧ್ಯಾಹ್ನ ಮಜ್ಜಿಗೆ ಕೊಡಿಸಿದರು. ಒಂದು ದಿನ ತಾವೇ ಮಗ್ಗದ ಮುಂದೆ ಕುಳಿತು, ಕಲಿಸಿಕೊಂಡು, ನಾಲ್ಕು ಬೆರಳು ನೇಯ್ದರು. ಎದ್ದು ನಿಂತಾಗ ಬೆನ್ನು ನೆಟ್ಟಗಾಗಲಿಲ್ಲ. ಮರುದಿನದಿಂದ ಊಟದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ಆಜ್ಞೆ ಹೊರಡಿಸಿದರು. ಅವರನ್ನು ಕೆಟ್ಟವರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಐವತ್ತೆಂಟನೆಯ ಗಜ ಅಳೆದ ಎರಡು ದಿನಕ್ಕೆ ಅವರು ನನ್ನನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಉದ್ದನೆಯ ಪೆಟ್ಟಿಗೆ ಇತ್ತು. ಒಳಗೆ ಹತ್ತಿಯ ಹಾಸಿನ ಮೇಲೆ ಉಕ್ಕಿನ ಕೋಲು. ನೋಡಿದರೆ ಮುಖ ಕಾಣುವಂತಿತ್ತು. ರಾಜಧಾನಿಯಿಂದ ಎಲ್ಲ ಜೈಲುಗಳಿಗೂ ಕಳಿಸಿದ್ದಾರೆ ಅಮ್ಮಾ, ಇನ್ನು ಎಲ್ಲ ಕಡೆ ಒಂದೇ ಅಳತೆ, ನಿಮಗೂ ಹಗುರ ಎಂದು ಖುಷಿಯಿಂದ ಹೇಳಿದರು. ನನ್ನ ಮರದ ಕೋಲನ್ನು ಕೇಳಿ ತೆಗೆದುಕೊಂಡು ಅದರ ಪಕ್ಕದಲ್ಲಿ ಮಲಗಿಸಿದರು. ಸುಮ್ಮನೆ ಕುತೂಹಲಕ್ಕೆ.

ಒಂದು ತುದಿ ಸರಿಯಾಗಿ ಕೂಡಿತು. ಇನ್ನೊಂದು ತುದಿಯಲ್ಲಿ ಉಕ್ಕು ಮುಂದಕ್ಕೆ ಹೋಗಿತ್ತು. ಅವರು ನಂಬದೆ ಮತ್ತೊಮ್ಮೆ ಜೋಡಿಸಿದರು. ಆಮೇಲೆ ತಮ್ಮ ಎರಡು ಬೆರಳನ್ನು ಆ ಜಾಗದಲ್ಲಿ ಇಟ್ಟು ನೋಡಿದರು. ಸರಿಯಾಗಿ ಎರಡು ಬೆರಳು.

ಮರ ಹಳೆಯದು ಎಂದೆ. ಯಾವಾಗಿನಿಂದ ಹೀಗಿದೆ ಎಂದು ಅವರು ಕೇಳಿದರು. ನನಗೆ ತಿಳಿಯದು ಎಂದೆ, ಅದು ನಿಜವಾಗಿತ್ತು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. ಹಾಗಾದರೆ ಇಷ್ಟು ವರ್ಷ ಹೊರಗೆ ಹೋದವರೆಲ್ಲ ಪೂರ್ತಿ ಮುಗಿಸದೇ ಹೋಗಿದ್ದಾರೆ ಎಂದರು. ಹೋದವರನ್ನು ಮತ್ತೆ ಕರೆತರುವುದು ಬೇಡ ಎಂದು ಮೇಲಿನವರಿಗೆ ಬರೆಯುತ್ತೇನೆ, ಆದರೆ ಒಳಗಿರುವ ಹನ್ನೊಂದು ಜನರ ಜಮಖಾನವನ್ನು ಮೊದಲಿನಿಂದ ಹೊಸ ಕೋಲಿನಲ್ಲಿ ಅಳೆಯಲೇಬೇಕು ಎಂದರು. ಎಷ್ಟು ಕಡಿಮೆ ಬರುತ್ತದೋ ಅಷ್ಟನ್ನು ಅವರು ನೇಯ್ದುಕೊಡಬೇಕು.

ಐವತ್ತೆಂಟು ಗಜಕ್ಕೆ ಎರಡೆರಡು ಬೆರಳು ಎಂದು ನಾನು ಮನಸ್ಸಿನಲ್ಲೇ ಕೂಡಿಸಿದೆ. ಎರಡು ಗಜದ ಮೇಲೆ ಇಪ್ಪತ್ತು ಬೆರಳು. ಉಳಿದ ಎರಡಕ್ಕೆ ಅದನ್ನು ಸೇರಿಸಿದರೆ ನಾಲ್ಕೂವರೆಗೆ ಹತ್ತಿರ. ಬಾಯಿಬಿಟ್ಟು ಹೇಳಿದೆನೋ ಏನೋ, ಅವರು ತಲೆ ಅಲ್ಲಾಡಿಸಿದರು. ಹಾಗೆ ಲೆಕ್ಕ ಹಾಕಿದರೆ ಅನ್ಯಾಯವಾಗುತ್ತದೆ, ಏಳು ವರ್ಷದ ಹಿಂದೆ ಕೋಲು ಇಷ್ಟು ಸವೆದಿರಲಿಕ್ಕಿಲ್ಲ, ಯಾವ ಗಜ ಎಷ್ಟು ಕಡಿಮೆಯೋ ಯಾರಿಗೆ ಗೊತ್ತು, ಅಳೆದೇ ನೋಡಬೇಕು ಎಂದರು. ನಾನು ಧೈರ್ಯ ಮಾಡಿ, ಫಕೀರವ್ವನ ಕಣ್ಣಿನ ವಿಷಯ ಹೇಳದೆ, ಬಿಡುಗಡೆಗೆ ಹತ್ತಿರ ಬಂದವರು ಇದ್ದಾರೆ ಸಾಹೇಬರ, ಎಂದೆ. ಕಣ್ಣಿನ ವಿಷಯ ಹೇಳಿದ್ದರೆ ವೈದ್ಯರನ್ನು ಕರೆಸುತ್ತಿದ್ದರು. ವೈದ್ಯರು ಬಂದು ಕಣ್ಣಿಗೆ ಬಟ್ಟೆ ಕಟ್ಟಿ ಮಗ್ಗದಿಂದ ಎಬ್ಬಿಸುತ್ತಿದ್ದರು. ಎದ್ದವರು ಮತ್ತೆ ಕುಳಿತದ್ದನ್ನು ನಾನು ನೋಡಿಲ್ಲ.

ಅವರು ನನ್ನನ್ನೇ ನೋಡಿ, "ಜಮಖಾನದ ಆ ತುದಿಯಲ್ಲಿ ಏಟು ತಿಂದವರೂ ಕೂತಿರುತ್ತಾರೆ ಅಮ್ಮಾ," ಎಂದರು.

ಫಕೀರವ್ವ ತನ್ನ ಮೈದುನನ ತಲೆಗೆ ಒನಕೆಯಿಂದ ಹೊಡೆದಿದ್ದಳು. ಅವನು ಬದುಕಿದ, ಆದರೆ ಮಾತು ಹೋಯಿತು. ಈಗಲೂ ಊರಬಾಗಿಲಿನ ಅಗಸೆಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಅವನ ಹೆಂಡತಿ ಬಾಯಿ ಒರೆಸುತ್ತಿರುತ್ತಾಳೆ. ಯಾಕೆ ಹೊಡೆದೆ ಎಂದು ನ್ಯಾಯಾಲಯದಲ್ಲಿ ಮೂರು ಸಲ ಕೇಳಿದರಂತೆ. ಮಗಳು ಅಲ್ಲೇ ನಿಂತಿದ್ದಳು. ಫಕೀರವ್ವ ಮಗಳ ಕಡೆ ನೋಡಿ, ಸುಮ್ಮನೆ ಹೊಡೆದೆ ಎಂದಳಂತೆ. ಅರವತ್ತು ಗಜ ಬಿತ್ತು.

ನಾನು ನೇಯುವ ಕೋಣೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಹನ್ನೊಂದು ಮಗ್ಗವೂ ನಿಂತಿದ್ದವು. ಒಬ್ಬಳು, ಅಂತೂ ಗಜದಕ್ಕನ ಗಜ ಗಿಡ್ಡ ಆತು ಎಂದಳು. ಇನ್ನೊಬ್ಬಳು, ಅಕ್ಕಾರು ಗಿಡ್ಡ ಅದಾರ, ಅವರ ಕೋಲು ಉದ್ದ ಎಲ್ಲಿಂದ ಬರಬೇಕು ಎಂದಳು. ಯಾರೂ ನಗಲಿಲ್ಲ. ಫಕೀರವ್ವ ಕೈ ಚಾಚಿ ಗಾಳಿಯಲ್ಲಿ ನನ್ನ ಸೆರಗು ಹುಡುಕಿ ಹಿಡಿದು ಹತ್ತಿರಕ್ಕೆ ಎಳೆದು, ನನಗಷ್ಟೇ ಕೇಳುವಂತೆ ಹೇಳಿದಳು.

"ಎರಡು ಗಜಕ್ಕ ನನ್ನ ಕಣ್ಣ ಸಾಕಾಗ್ತಾವ ಅಕ್ಕಾರ. ನಾನೂ ಲೆಕ್ಕಾ ಹಾಕಿ ಇಟ್ಟೀನಿ. ನಾಕೂವರಿಗೆ ಸಾಕಾಗೂದಿಲ್ಲ."

ಏನಾದರೂ ಹೇಳಬೇಕಿತ್ತು. ಅಳೆಯುವವಳು ನಾನೇ, ನೋಡೋಣ ಎಂದೆ. ಎಂಥ ಮಾತು ಅದು. ಅವಳು ಸೆರಗು ಬಿಟ್ಟು, ಮಗಳು ಸಂತೆಯ ದಿನ ಬಂದಿದ್ದಳು, ಅವ್ವ ಬಂದು ಮಲಗಲಿ ಎಂದು ಕೋಣೆಗೆ ಸುಣ್ಣ ಬಳಿಸಿದ್ದಾಳಂತೆ ಎಂದಷ್ಟೇ ಹೇಳಿ ಮಗ್ಗಕ್ಕೆ ತಿರುಗಿದಳು.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಂಬತ್ತು ದಾಟಿದೆ. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ನಾನು ಕೈಕಾಲು ತೊಳೆಯದೆ ಅವರ ಮುಂದೆ ಕುಳಿತು ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ಒಂದೊಂದೇ ಬೀಜ ಬೋಗುಣಿಗೆ ಬೀಳುತ್ತಿತ್ತು.

ಮರ ಹೇಗೆ ಸವೆಯಿತು ಅತ್ತೆ, ಎಂದು ಕೇಳಿದೆ. ಎಲ್ಲಿಯೂ ಎಸೆದಿಲ್ಲ, ಯಾರ ಕೈಗೂ ಕೊಟ್ಟಿಲ್ಲ, ಅಮಾಸಿಗೊಮ್ಮೆ ತಪ್ಪದೆ ಮನೆಗೆ ತಂದು ತೊಳೆದಿದ್ದೇನೆ. ಹಾಗೆ ಹೇಳುತ್ತಾ ಹೇಳುತ್ತಾ ನನ್ನ ಮಾತು ನಿಧಾನವಾಯಿತು.

ಅಮಾಸಿಯ ಬೆಳಿಗ್ಗೆ ಕೋಲು ಮನೆಗೆ ತರಬೇಕು. ತೊಳೆಯಬೇಕು. ಅದರ ಕೆಳತುದಿಯನ್ನು ಒದ್ದೆ ಸಾಣೆಕಲ್ಲಿನ ಮೇಲೆ ಮೂವತ್ತು ಸಲ ತಿಕ್ಕಬೇಕು. ಜೈಲಿನ ಕೋಲಿಗೆ ಒಳಗಿನವರ ಉಸಿರು ತಾಗಿ ಕಾವು ಏರಿರುತ್ತದೆ, ತಿಕ್ಕಿದರೆ ಅದು ಇಳಿಯುತ್ತದೆ. ಆಮೇಲೆ ಕುಸುಬಿ ಎಣ್ಣೆ ಸವರಿ ನೆರಳಲ್ಲಿ ಒಣಗಿಸಬೇಕು. ಮದುವೆಯಾಗಿ ಬಂದು ಕೆಲಸಕ್ಕೆ ನಿಂತ ಮೊದಲ ತಿಂಗಳೇ ಅತ್ತೆ ಇದನ್ನು ಕಲಿಸಿದ್ದರು. ನಾನು ಒಂದು ಅಮಾಸಿಯನ್ನೂ ತಪ್ಪಿಸಿರಲಿಲ್ಲ. ಜ್ವರವಿದ್ದಾಗ ಗಂಡನನ್ನು ಕಳಿಸಿ ಕೋಲು ತರಿಸಿ ತಿಕ್ಕಿದ್ದೆ. ತಿಕ್ಕುವಾಗ ಎಣಿಸುತ್ತಿದ್ದೆ ಕೂಡ. ಮೂವತ್ತಕ್ಕಿಂತ ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಅಷ್ಟು ಪ್ರಾಮಾಣಿಕಳು ನಾನು.

"ನಿಮಗ ಗೊತ್ತಿತ್ತು," ಎಂದೆ.

"ಗೊತ್ತಿಲ್ಲದ ಕಲಿಸ್ತಾರೇನು," ಎಂದರು ಅತ್ತೆ. "ನನ್ನ ಅತ್ತಿ ನನಗ ಕಲಿಸಿದಳು. ಆಕಿಗೆ ಯಾರು ಕಲಿಸಿದ್ರೋ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಆಗ ತಲೆ ಎತ್ತಿದರು.

"ಹೇಳಿದ್ರ ತಿಕ್ಕತಿದ್ದೇನು ನೀ?"

ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ತಿಕ್ಕುತ್ತಿರಲಿಲ್ಲ. ಹೆದರಿ, ಅಥವಾ ಸರಿತಪ್ಪಿನ ಮಾತಾಡಿ, ಕೋಲನ್ನು ಜೈಲಿನಲ್ಲೇ ಬಿಟ್ಟು ಬರುತ್ತಿದ್ದೆ. ಅತ್ತೆ, ನಾನು ಕೇಳದಿದ್ದರೂ, ಕರುಣೆ ಗಿರುಣೆ ಅಂತ ತಿಳೀಬ್ಯಾಡ ಎಂದರು. ಆ ಮಗ್ಗದ ಬಡಿತ ಕೇಳಿ ಕೇಳಿ ಬೇಸತ್ತು ಹೋಗಿತ್ತು, ಊಟಕ್ಕೆ ಕುಳಿತರೆ ಕೇಳುತ್ತಿತ್ತು, ಹೆತ್ತು ಮಲಗಿದ್ದಾಗ ಕೇಳುತ್ತಿತ್ತು, ಒಂದು ಮಗ್ಗ ಒಂದು ದಿನ ಮುಂಚೆ ನಿಂತರೂ ಸಾಕು ಅನಿಸುತ್ತಿತ್ತು ಎಂದರು. ಮತ್ತೆ ಬೀಜ ಬಿಡಿಸತೊಡಗಿದರು.

ಒಳಗಿನಿಂದ ನನ್ನ ಗಂಡ ಈರಬಸಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಬಾಗಿಲಿಗೆ ಒರಗಿ, ವಿಚಾರಣೆ ಬಂದರೆ ಅವ್ವನ ಹೆಸರು ಹೇಳು ಎಂದರು. ಈ ವಯಸ್ಸಿನಲ್ಲಿ ಆಕೆಗೆ ಏನು ಮಾಡುತ್ತಾರೆ, ನಿನ್ನ ಕೆಲಸವಾದರೂ ಉಳಿಯುತ್ತದೆ. ಅತ್ತೆ ಮಗನ ಕಡೆ ನೋಡಲೂ ಇಲ್ಲ. ಹೌದು ಹೌದು ನನ್ನ ಹೆಸರೇ ಹೇಳು, ಹತ್ತು ಗಜ ಕೊಡಲಿ, ನೇಯ್ತೀನಿ, ಊಟಾ ಮಜ್ಜಿಗಿ ಎಲ್ಲಾ ಕೊಡ್ತಾರಂತ, ಇಲ್ಲಿಗಿಂತ ಚಲೋ ಎಂದರು. ಈರಬಸಪ್ಪ ಮತ್ತೆ ಒಳಗೆ ಹೋದರು.

ನಾನು ಅಡುಗೆಮನೆಗೆ ಬಂದು ಒಲೆ ಹಚ್ಚಿದೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ತಿಳಿಯದೆ ಹಿಟ್ಟನ್ನು ಬಡಿದೆ. ಕೋಲು ಗಿಡ್ಡವಾದದ್ದಕ್ಕಲ್ಲ ಅದು. ಇಷ್ಟು ಹೆಂಗಸರು ನಾಲ್ಕಾರು ದಿನ, ಒಂದೆರಡು ತಿಂಗಳು ಮುಂಚೆ ಮನೆಗೆ ಹೋದದ್ದಕ್ಕೆ ನನಗೆ ದುಃಖವೇನಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ನಾನು ಒಂದು ಒಳ್ಳೆಯ ಕೆಲಸ ಮಾಡಿದ್ದೆ, ಅದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ತಪ್ಪು ಮಾಡಿದ್ದೆ, ಅದೂ ಗೊತ್ತಿರಲಿಲ್ಲ. ಎರಡೂ ನನ್ನ ಕೈಯಿಂದ ಆಗಿದ್ದವು, ನನ್ನನ್ನು ಯಾರೂ ಕೇಳಿರಲಿಲ್ಲ. ಸಾಣೆಕಲ್ಲು ಹೇಗೋ ನಾನೂ ಹಾಗೆ. ಬಹಳ ಆಯಾಸವೆನಿಸಿತು. ನಾಳೆ ಹೋಗಿ ಕೆಲಸ ಬಿಡುತ್ತೇನೆಂದು ಹೇಳಿಬಿಡೋಣ, ಬೇರೆ ಯಾರಾದರೂ ಅಳೆಯಲಿ ಎಂದುಕೊಂಡೆ. ರೊಟ್ಟಿ ಒಂದು ಕಡೆ ಹೊತ್ತಿಹೋಯಿತು.

ಮರುದಿನ ವಾದಿರಾಜರು ಕೊಟ್ಟ ಕಾಗದದಲ್ಲಿ, ಮರ ಹಳೆಯದಾಗಿ ತಾನಾಗಿ ಸವೆದಿದೆ ಎಂದು ಬರೆದು ಸಹಿ ಹಾಕಿದೆ. ಅತ್ತೆಯ ಹೆಸರಿಲ್ಲ, ಸಾಣೆಕಲ್ಲಿನ ಹೆಸರಿಲ್ಲ. ಕೆಲಸ ಬಿಡುವ ಮಾತನ್ನೂ ಆಡಲಿಲ್ಲ. ನಾನು ಬಿಟ್ಟರೆ ಗಂಡಸರ ಕಡೆಯ ಅಳತೆಗಾರ ಬರುತ್ತಾನೆ. ಅವನು ಜಮಖಾನವನ್ನು ಸಡಿಲವಾಗಿ ಮುದುರಿ, ಇದ್ದದ್ದಕ್ಕಿಂತ ಕಡಿಮೆ ಬರುವಂತೆ ಅಳೆಯುವವನು. ಹಳೆಯ ಕೋಲನ್ನು ಸಾಹೇಬರು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸೋಮವಾರ ಅಳತೆ ಶುರುವಾಯಿತು. ಬಿಡುಗಡೆಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಫಕೀರವ್ವ, ಆದ್ದರಿಂದ ಅವಳದೇ ಮೊದಲು. ಉಗ್ರಾಣದಲ್ಲಿದ್ದ ತುಂಡುಗಳನ್ನೂ ಮಗ್ಗದಿಂದ ಇಳಿಸಿದ್ದನ್ನೂ ಹೊರಪಡಸಾಲೆಯಲ್ಲಿ ಒಂದರ ತುದಿಗೆ ಒಂದು ಹಚ್ಚಿ ಹಾಸಿದ್ದರು. ಮೂಲೆಯಲ್ಲಿ ತಿರುಗಿ ಆಚೆಯ ಪಡಸಾಲೆಗೂ ಹೋಗಿತ್ತು. ಏಳು ವರ್ಷ ಒಟ್ಟಿಗೆ ಬಿಚ್ಚಿ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಶುರುವಿನ ಗಜಗಳಲ್ಲಿ ಕೈ ಒರಟು, ಎಳೆ ಎಲ್ಲೆಲ್ಲೋ ಬಿಗಿ. ಮುಂದೆ ಮುಂದೆ ನವಿಲುಗಳು ಬಂದವು, ಹೂವುಗಳು ಬಂದವು. ಎಲ್ಲೋ ನಡುವೆ ಒಂದು ಕಡೆ ಒಂದು ಗೇಣಿನಷ್ಟು ಬರೀ ಕೆಂಪು, ಯಾವ ಚಿತ್ರವೂ ಇಲ್ಲ. ಮಗಳ ಮದುವೆಗೆ ಹೋಗಲು ಬಿಡದಿದ್ದ ತಿಂಗಳು ಅದು, ನನಗೆ ನೆನಪಿತ್ತು.

ವಾದಿರಾಜರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ತಾವೇ ಬರೆದುಕೊಳ್ಳುತ್ತೇನೆ ಎಂದು ಪುಸ್ತಕ ತೊಡೆಯ ಮೇಲಿಟ್ಟುಕೊಂಡಿದ್ದರು. ಫಕೀರವ್ವನನ್ನು ಕಂಬದ ಪಕ್ಕ ನಿಲ್ಲಿಸಿದ್ದರು. ತನ್ನದು ಎಷ್ಟು ಬಂತೆಂದು ಕೇಳಿಸಿಕೊಳ್ಳುವುದು ಕೈದಿಯ ಹಕ್ಕು ಎಂದು ಸಾಹೇಬರೇ ಹೇಳಿದ್ದರಂತೆ. ಅವಳು ಜಮಖಾನದ ಕಡೆ ನೋಡುತ್ತಿರಲಿಲ್ಲ. ಕಿವಿಯನ್ನು ನನ್ನ ಕಡೆ ಕೊಟ್ಟು ನಿಂತಿದ್ದಳು.

ಉಕ್ಕಿನ ಕೋಲನ್ನು ಕೈಗೆ ತೆಗೆದುಕೊಂಡೆ. ತಣ್ಣಗಿತ್ತು. ಯಾವ ಕಲ್ಲಿನ ಮೇಲೆ ತಿಕ್ಕಿದರೂ ಇದು ಸವೆಯುವುದಿಲ್ಲ. ಅಂಚಿಗೆ ಹಚ್ಚಿ, ನೆಟ್ಟಗೆ ಮಲಗಿಸಿ, "ಒಂದು" ಎಂದೆ. ಸಾಹೇಬರು ಬರೆದುಕೊಂಡು, ಗೀಟು ಹಾಕಲು ಸುಣ್ಣ ಬೇಡವೇ ಎಂದು ಕೇಳಿದರು. ಮಗ್ಗದ ಮೇಲೆ ಒಂದೊಂದೇ ಗಜ ಅಳೆಯುವಾಗ ಗೀಟು ಹಾಕುತ್ತಿದ್ದೆ, ಹೊಸ ನೇಯ್ಗೆಯ ಮೇಲಿನ ಸುಣ್ಣ ಒದರಿದರೆ ಹೋಗುತ್ತದೆ. ಹೀಗೆ ಉದ್ದಕ್ಕೂ ಒಂದರ ಹಿಂದೊಂದು ಅಳೆದದ್ದು ನನ್ನ ಕೆಲಸದಲ್ಲೇ ಇಲ್ಲ. ಹಳೆಯ ಜಮಖಾನಕ್ಕೆ ಸುಣ್ಣ ಹಿಡಿದರೆ ಬಿಡುವುದಿಲ್ಲ, ಕೆಂಪಿನ ಮೇಲೆ ಕಲೆ ನಿಲ್ಲುತ್ತದೆ, ಬೆರಳು ಇಟ್ಟುಕೊಳ್ಳುತ್ತೇನೆ ಎಂದೆ. ಅದೇನೂ ಸುಳ್ಳಲ್ಲ. ನಿಮಗೆ ಹೇಗೆ ರೂಢಿಯೋ ಹಾಗೆ ಮಾಡಿ ಅಮ್ಮಾ ಎಂದರು.

ಕೋಲಿನ ತುದಿಯಿಂದ ಒಳಕ್ಕೆ, ಅದರ ಪಕ್ಕಕ್ಕೆ ಒತ್ತಿ ಎಡಗೈ ಹೆಬ್ಬೆರಳು ಇಟ್ಟೆ. ಕೋಲು ಎತ್ತಿದೆ. ಈಗ ಕೆಂಪು ಜಮಖಾನದ ಮೇಲೆ ನನ್ನ ಹೆಬ್ಬೆರಳೊಂದೇ ಇತ್ತು. ಉಗುರಿನ ಸುತ್ತ ಬಿರುಕು, ಗಂಟಿನ ಮೇಲೆ ರೊಟ್ಟಿಯ ಹಂಚು ಸುಟ್ಟ ಕಲೆ. ಮುಂದಿನ ಗಜ ಇದರ ಯಾವ ಕಡೆಯಿಂದ ಶುರುವಾಗಬೇಕು ಎಂದು ರಾಜಧಾನಿಯಿಂದ ಬಂದ ಪೆಟ್ಟಿಗೆಯಲ್ಲಿ ಬರೆದಿರಲಿಲ್ಲ. ಆಚೆಯಿಂದ ಶುರು ಮಾಡಿದರೆ ಅಳತೆ ನೆಟ್ಟಗೆ ಬರುತ್ತದೆ. ಈಚೆಯಿಂದ ಶುರು ಮಾಡಿದರೆ ಬೆರಳಿನಡಿಯ ನೇಯ್ಗೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಕೊಂಚ ಓರೆಯಾಗಿ ಇಟ್ಟರೆ ನನ್ನ ಹೆಬ್ಬೆರಳು ಎರಡು ಬೆರಳಗಲ ಹಿಡಿಯುತ್ತದೆ.

ಅಗಸೆಯ ಕಟ್ಟೆಯ ಮೇಲೆ ಕುಳಿತ ಮೈದುನ ನೆನಪಿಗೆ ಬಂದ. ಬಾಯಿ ಒರೆಸುವ ಅವನ ಹೆಂಡತಿಯೂ ಬಂದಳು. ಅವರನ್ನು ದೂಡಲಿಲ್ಲ, ಅಲ್ಲೇ ಇರಲಿ ಎಂದುಕೊಂಡೆ. ನನ್ನೊಳಗೆ ದಯೆ ಉಕ್ಕಿತು ಎಂದರೆ ಸುಳ್ಳಾಗುತ್ತದೆ. ಮಂಡಿ ನೋಯುತ್ತಿತ್ತು, ಇನ್ನೂ ಐವತ್ತೇಳು ಸಲ ಬಗ್ಗಬೇಕಿತ್ತು, ಇದರ ಹಿಂದೆ ಇನ್ನೂ ಹತ್ತು ಜನರ ಜಮಖಾನಗಳಿದ್ದವು. ಆದರೆ ಈ ಸಲ ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಪೂರ್ತಿ ಐವತ್ತೆಂಟೇ ಬಂದರೆ ಸಾಹೇಬರು ಬೀರು ತೆಗೆದು ಹಳೆಯ ಕೋಲನ್ನು ಮತ್ತೆ ನೋಡುತ್ತಾರೆ. ಐದಕ್ಕೊಂದು ಸಲ ಬೆರಳು ಮಡಚಿ, ಕೋಲು ನಿಂತಲ್ಲಿಂದಲೇ ಮುಂದಿನ ಗಜ ನೆಟ್ಟಗೆ ಅಳೆದುಬಿಡುತ್ತೇನೆ. ಆಗ ಸುಮಾರು ಅರ್ಧ ಗಜ ಕಡಿಮೆ ಬರುತ್ತದೆ. ಅರ್ಧ ಗಜ ಅವರು ನಂಬುತ್ತಾರೆ. ಅರ್ಧ ಗಜವನ್ನು ಅವಳ ಕಣ್ಣು ತಡೆದರೂ ತಡೆಯಬಹುದು. ಉಳಿದ ಹತ್ತು ಜನರಿಗೂ ಹೀಗೆಯೇ. ಅತ್ತೆಗೆ ಹೇಳುವುದಿಲ್ಲ, ಹೇಳಿದರೆ ಅವರಿಗೆ ಗೆದ್ದಂತಾಗುತ್ತದೆ. ಫಕೀರವ್ವನಿಗೂ ಹೇಳುವುದಿಲ್ಲ. ಅವಳು ಕೇಳಿಸಿಕೊಳ್ಳಲಿ, ಅಷ್ಟು ಸಾಕು.

ಹೆಬ್ಬೆರಳನ್ನು ಓರೆ ಮಾಡಿದೆ. ಕೋಲನ್ನು ಅದರ ಈಚೆ ಬದಿಗೆ ಹಚ್ಚಿ ಮಲಗಿಸಿದೆ.

"ಎರಡು," ಎಂದೆ.